ಉಕ್ಕಿನ ಊರಿನ ಕನ್ನಡಿ ಡೇರೆ

ಇಂಗ್ಲೆಂಡಿನ ಶೆಫೀಲ್ಡ್ ಎಂದರೆ ಚಾಕು, ಚಮಚ, ಉಕ್ಕು. 1905ರಲ್ಲಿ ಸನ್ನದು ಪಡೆದ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಕಾರ್ಖಾನೆಯ ಕೆಲಸಗಾರರೂ ಪೆನ್ನಿ ಪೆನ್ನಿ ಕೂಡಿಸಿ ವಂತಿಗೆ ಕೊಟ್ಟಿದ್ದರು. ಅದೇ ವಿಶ್ವವಿದ್ಯಾಲಯ 2012ರಿಂದ ಎರಡು ವರ್ಷಕ್ಕೊಮ್ಮೆ ಊರಿನ ನಡುವೆ ನಡೆಸುವ ‘ಫೆಸ್ಟಿವಲ್ ಆಫ್ ದಿ ಮೈಂಡ್’ ನನಗೆ ಅಚ್ಚುಮೆಚ್ಚು.

ಜೋಡಿ ಕೆಲಸವೇ ಇದರ ಜೀವಾಳ. ಒಬ್ಬ ಸಂಶೋಧಕರ ಜೊತೆ ಊರಿನದೇ ಒಬ್ಬ ಚಿತ್ರಕಾರ, ಸಂಗೀತಗಾರ ಅಥವಾ ಆನಿಮೇಟರ್ ಕೂತು ಹೊಸದೊಂದನ್ನು ಕಟ್ಟುತ್ತಾರೆ. ಉಪನ್ಯಾಸದ ಕೊನೆಗೊಂದು ಹಾಡು ಸೇರಿಸುವಷ್ಟು ಸುಲಭದ ಕೆಲಸವಲ್ಲ ಇದು.

ಉತ್ಸವ ಶುರುವಾದಾಗ ಅದರ ಹೊಣೆ ಹೊತ್ತವರು ವನೆಸಾ ಟೌಲ್ಮಿನ್. ಜಾತ್ರೆ, ಸರ್ಕಸ್ಸುಗಳ ಇತಿಹಾಸ ಬರೆದವರು. ಹಾಗಾಗಿಯೇ ಇರಬೇಕು, ಸಿಟಿ ಹಾಲ್ ಎದುರಿನ ಬಾರ್ಕರ್ಸ್ ಪೂಲ್ ಚೌಕದಲ್ಲಿ ಸ್ಪೀಗಲ್‌ಟೆಂಟ್ ಎದ್ದು ನಿಂತಿತು. ಬೆಲ್ಜಿಯಂನ ಕುಶಲಕರ್ಮಿಗಳು ಊರೂರು ಸುತ್ತುವ ನೃತ್ಯಶಾಲೆಯಾಗಿ ರೂಪಿಸಿದ ಡೇರೆ ಅದು: ಮರದ ಕಂಬಗಳು, ಬಣ್ಣದ ಗಾಜು, ಸುತ್ತ ಕನ್ನಡಿಗಳು. ಅದರೊಳಗೆ ಮಿದುಳಿನ ಬಗ್ಗೆಯೋ ನಕ್ಷತ್ರಗಳ ಬಗ್ಗೆಯೋ ಮಾತು ನಡೆದರೆ, ಪೇಟೆಗೆಂದು ಬಂದವರೂ ಒಳಗೆ ಇಣುಕುತ್ತಾರೆ. ಹೆಚ್ಚಿನ ಕಾರ್ಯಕ್ರಮಗಳಿಗೆ ಶುಲ್ಕವೂ ಇಲ್ಲ.

ಹತ್ತಿರದ ಮಿಲೆನಿಯಂ ಗ್ಯಾಲರಿಯಲ್ಲಿ ‘ಫ್ಯೂಚರ್‌ಕೇಡ್’ ಪ್ರದರ್ಶನ: ನಾಳಿನ ತಂತ್ರಜ್ಞಾನವನ್ನು ಮಕ್ಕಳು ಮುಟ್ಟಿ, ಆಡಿ ನೋಡಬಹುದು. ಶೆಫೀಲ್ಡಿನ ಲೋಹದ ಕೆಲಸದ ಸಂಗ್ರಹ, ತಲೆಮಾರುಗಳ ಚಾಕು-ಕತ್ತರಿಗಳ ಸಮೇತ, ಇರುವುದೂ ಅದೇ ಕಟ್ಟಡದಲ್ಲಿ. ಎರಡನ್ನೂ ಒಂದೇ ಸುತ್ತಿನಲ್ಲಿ ನೋಡಿಬರಬೇಕು.