ಪೂಜೆಯಿಲ್ಲದ ಕಲ್ಲುಗಳು

ಮೂಡುಬಿದಿರೆಗೆ ಬಂದವರು ಸಾವಿರ ಕಂಬದ ಬಸದಿ ನೋಡದೆ ಹಿಂದಿರುಗುವುದಿಲ್ಲ. 1430ರಲ್ಲಿ ಕಟ್ಟಿದ್ದು, ನೋಡಬೇಕಾದದ್ದೇ. ಆದರೆ ಅದೇ ಊರಿನ ಕೊಡಂಗಲ್ಲಿಗೆ ಹೋಗುವವರೆಷ್ಟು ಮಂದಿ? ಅಲ್ಲಿರುವುದು ಜೈನ ಗುರುಗಳ ಸಮಾಧಿಗಳು. ಕೆಂಪು ಮುರಕಲ್ಲಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು, ಏರಿದಂತೆ ಕಿರಿದಾಗುತ್ತ ಹೋಗುವ ಕಟ್ಟಡಗಳು. 1876ರಲ್ಲಿ ಪ್ರಕಟವಾದ ತನ್ನ ವಾಸ್ತುಶಿಲ್ಪ ಚರಿತ್ರೆಯಲ್ಲಿ ಜೇಮ್ಸ್ ಫರ್ಗುಸನ್ ಇವುಗಳ ಚಿತ್ರವನ್ನೇ ಕೊಟ್ಟಿದ್ದಾನೆ. ನಮಗೆ ಮಾತ್ರ ಅವು ದಾರಿ ಬದಿಯ ಹಳೇ ಕಲ್ಲು.

ಕಾರಣ ಸರಳ. ಅಲ್ಲಿ ಮಂಗಳಾರತಿಯಿಲ್ಲ, ಪ್ರಸಾದವಿಲ್ಲ. ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. 2024ರ ಮಹಾಮಸ್ತಕಾಭಿಷೇಕಕ್ಕೆ ಊರಿಗೆ ಊರೇ ನೆರೆಯಿತು. ಭಕ್ತರಿದ್ದಲ್ಲಿ ದುಡ್ಡೂ ಬರುತ್ತದೆ, ಕಾಳಜಿಯೂ ಬರುತ್ತದೆ.

ಹಾಗೆಂದು ಪೂಜೆ ಇದ್ದ ಮಾತ್ರಕ್ಕೆ ಹಳತು ಉಳಿಯುತ್ತದೆಯೇ? ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಹೋಗಿ ನೋಡಿ: ಜೀರ್ಣೋದ್ಧಾರವೆಂದರೆ ಹಲವರಿಗೆ ಮುರಕಲ್ಲಿನ ಗೋಡೆ ಕೆಡವಿ ಕಾಂಕ್ರೀಟು ಹಾಕಿ, ನೆಲಕ್ಕೆ ಟೈಲ್ಸ್ ಹಾಸಿ, ಬ್ರಹ್ಮಕಲಶ ಮಾಡುವುದು. ಅಜ್ಜಿಯ ಹಿತ್ತಾಳೆ ಪಾತ್ರೆ ಮಾಸಿದರೆ ನಾವು ಕಲಾಯಿ ಹಾಕಿಸುತ್ತಿದ್ದೆವು. ಅದನ್ನು ತೂಕಕ್ಕೆ ಹಾಕಿ ಸ್ಟೀಲು ತಂದರೆ ಅಜ್ಜಿಯ ಪಾತ್ರೆ ಉಳಿಯಿತೆನ್ನಲಾದೀತೇ?

ಕಲಾಯಿ ಹಾಕುವವರೂ ಇದ್ದಾರೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ 1991ರಲ್ಲಿ ಆರಂಭವಾದ ಧರ್ಮೋತ್ಥಾನ ಟ್ರಸ್ಟ್, ಪುರಾತತ್ತ್ವ ಇಲಾಖೆಯ ಜೊತೆ ಸೇರಿ ರಾಜ್ಯದ ನೂರಾರು ಶಿಥಿಲ ದೇಗುಲಗಳನ್ನು ಮೂಲ ರೂಪದಲ್ಲೇ ಎತ್ತಿ ನಿಲ್ಲಿಸಿದೆ. ಅಂದರೆ ಆಗದ ಕೆಲಸವೇನಲ್ಲ.

ಕಾನೂನೂ ಇದೆ. ಕೇಂದ್ರದ್ದು 1958ರದು, ರಾಜ್ಯದ್ದು 1961ರದು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಏಳುವಂತಿಲ್ಲ. ಬೇರೆಯವರ ಗೋಡೆಯನ್ನು ಕಾನೂನು ದೂರ ಇಡಬಲ್ಲದು. ಕಲ್ಲಿನ ಸಂದಿಯಲ್ಲಿ ಮೊಳೆತ ಅಶ್ವತ್ಥದ ಸಸಿಯನ್ನು ಅದು ಬಂದು ಕೀಳಲಾರದು. ನಮ್ಮ ಮಳೆಗೆ ಆ ಸಸಿ ನಾಲ್ಕೇ ವರ್ಷಗಳಲ್ಲಿ ಗೋಡೆ ಸೀಳುತ್ತದೆ.

ಅಶ್ವತ್ಥ ಕೀಳಬಾರದೆಂಬ ಹಿರಿಯರ ಮಾತು ನನಗೂ ಗೊತ್ತು. ಹಾಗಾದರೆ ಬೇರು ಸಮೇತ ತೆಗೆದು ಬಯಲಿನಲ್ಲಿ ನೆಡೋಣ. ಮರಕ್ಕೆ ಬಯಲಿದೆ, ಆ ಕಲ್ಲಿಗೆ ಇರುವುದು ಅದೊಂದೇ ಜಾಗ.