ಅಂತೆ-ಕಂತೆಗಳ ಸಂತೆಯಲ್ಲಿ ಬ್ರಾಡಿ

ಕನ್ನಡದಲ್ಲಿ ‘ಅಂತೆ’ ಎಂಬ ಪುಟ್ಟ ಪದವೊಂದಿದೆ. ವಾಕ್ಯದ ಕೊನೆಗೆ ಅದನ್ನು ಅಂಟಿಸಿದರೆ ಹೇಳಿದವನು ಹೊಣೆಯಿಂದ ಪಾರು. ‘ಬರ್ತಾನೆ’ ಎಂದು ಹೇಳಿ, ಅವನು ಬಾರದೇ ಹೋದರೆ ನಾಳೆ ನನ್ನನ್ನು ಹಿಡಿದು ಕೇಳಬಹುದು. ‘ಬರ್ತಾನಂತೆ’ ಎಂದರೆ ಯಾರೂ ಕೇಳುವಂತಿಲ್ಲ. ಪ್ರತಿವರ್ಷ ಜೂನ್‌ನಿಂದ ಆಗಸ್ಟ್ ಮುಗಿಯುವವರೆಗೆ ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಈ ಪದದ ಬಳಕೆ ವಿಪರೀತ ಹೆಚ್ಚುತ್ತದೆ.

“ಗ್ಯೋಕೆರೆಸ್ ಬರೋದು ಪಕ್ಕಾ ಅಂತೆ ಕಣೋ.”

“ಯಾರು ಹೇಳಿದ್ದು?”

“ಎಲ್ಲಾರೂ ಹೇಳ್ತಿದಾರೆ.”

ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳು ಆಟಗಾರರನ್ನು ಕೊಂಡು ಮಾರುವ ಕಾಲ ಇದು. ಇಂಗ್ಲಿಷ್ ಕ್ರೀಡಾಪುಟಗಳು ‘ತಿಳಿದುಬಂದಿದೆ’, ‘ಆಪ್ತ ಮೂಲಗಳ ಪ್ರಕಾರ’, ‘ಮಾತುಕತೆ ಕೊನೆಯ ಹಂತದಲ್ಲಿದೆ’ ಎಂದೆಲ್ಲ ಹತ್ತು ಪದ ಖರ್ಚು ಮಾಡಿ ಹೇಳುವುದನ್ನು ನಾವು ‘ಅಂತೆ’ ಒಂದರಲ್ಲೇ ಮುಗಿಸುತ್ತೇವೆ. ನನ್ನ ಪಿಎಚ್.ಡಿ. ವಿಷಯ ಕನ್ನಡ ಆತ್ಮಕಥನಗಳಲ್ಲಿನ ನಿರೂಪಕ. ಹೇಳುತ್ತಿರುವವರು ಯಾರು, ಅವರಿಗೆ ಇದು ಹೇಗೆ ಗೊತ್ತು, ಏನನ್ನು ಮುಚ್ಚಿಡುತ್ತಿದ್ದಾರೆ ಎಂದು ಕೇಳುವುದೇ ನನ್ನ ಕೆಲಸ. ಆದರೆ ಆರ್ಸೆನಲ್ ಹೆಸರು ಬಂದ ಕೂಡಲೇ ಆ ಕೆಲಸವನ್ನು ಬದಿಗಿಟ್ಟು, ಬಂದ ಸುದ್ದಿಯನ್ನೆಲ್ಲ ನಂಬಿಬಿಡುತ್ತೇನೆ. ಇದು ಯಾಕೆ ಹೀಗೆ ಎಂದು ಯೋಚಿಸಲು ಕಾರಣವಾದದ್ದು ನಿಕ್ ಹಾರ್ನ್‌ಬಿಯ ‘ಫೀವರ್ ಪಿಚ್’.

1992ರಲ್ಲಿ ಬಂದ ಈ ಪುಸ್ತಕ ಆರ್ಸೆನಲ್ ಅಭಿಮಾನಿಯೊಬ್ಬನ ಆತ್ಮಕಥನ. ಅಧ್ಯಾಯಗಳ ಶೀರ್ಷಿಕೆಯ ಜೊತೆಗೇ ಒಂದು ಪಂದ್ಯದ ಹೆಸರು ಮತ್ತು ದಿನಾಂಕವಿರುತ್ತದೆ. ತಂದೆ-ತಾಯಿ ಬೇರೆಯಾದ ಮೇಲೆ, 1968ರಲ್ಲಿ, ಹನ್ನೊಂದು ವರ್ಷದ ಹುಡುಗನನ್ನು ಅಪ್ಪ ಹೈಬರಿ ಕ್ರೀಡಾಂಗಣಕ್ಕೆ ಕರೆದೊಯ್ಯುತ್ತಾನೆ. ಅಪ್ಪ-ಮಗನಿಗೆ ಮಾತಾಡಲು ಒಂದು ವಿಷಯ ಸಿಗುತ್ತದೆ. ಅಲ್ಲಿಂದ ಮುಂದೆ ಓದು, ಪ್ರೇಮ, ಕೆಲಸ, ಖಿನ್ನತೆ ಎಲ್ಲವೂ ಪಂದ್ಯದ ಪಟ್ಟಿಯೊಳಗೇ ಬಂದು ಹೋಗುತ್ತವೆ. ಜನರು ಹೆಚ್ಚಾಗಿ ನೆನೆಯುವುದು 1989ರ ಮೇ 26ರಂದು ಲಿವರ್‌ಪೂಲ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಮೈಕಲ್ ಥಾಮಸ್ ಹೊಡೆದ ಗೋಲಿನ ಅಧ್ಯಾಯವನ್ನು. ನಾನು ಮತ್ತೆ ಮತ್ತೆ ಓದುವುದು ಲಿಯಾಮ್ ಬ್ರಾಡಿಯ ಅಧ್ಯಾಯವನ್ನು.

ಬ್ರಾಡಿ ಐರ್ಲೆಂಡಿನವನು. ಹುಡುಗನಾಗಿದ್ದಾಗಲೇ ಆರ್ಸೆನಲ್ ಸೇರಿ, ಎಪ್ಪತ್ತರ ದಶಕದಲ್ಲಿ ಅದರ ಜೀವವಾಗಿದ್ದ ಮಿಡ್‌ಫೀಲ್ಡರ್. 1980ರಲ್ಲಿ ಇಟಲಿಯ ಯುವೆಂಟಸ್‌ಗೆ ಹೋದ. ಹೋಗುವ ಮೊದಲು ಸುಮಾರು ಒಂದು ವರ್ಷ ‘ಹೋಗ್ತಾನಂತೆ’ ಎಂಬ ಸುದ್ದಿಯ ಜೊತೆಗೇ ಹಾರ್ನ್‌ಬಿ ಬದುಕುತ್ತಾನೆ. ಆಗ ಮೊಬೈಲ್ ಇಲ್ಲ, ದಿನಕ್ಕೆ ನೂರು ಸಲ ಬೆರಳಾಡಿಸಲು ಏನೂ ಇಲ್ಲ. ಆದರೂ ಆ ಕಾಯುವಿಕೆಯ ಸಂಕಟ ನಮ್ಮದೇ. ಗಾಳಿಸುದ್ದಿ ಹುಟ್ಟುವುದು ತಂತ್ರಜ್ಞಾನದಿಂದಲ್ಲ, ಕಳೆದುಕೊಳ್ಳುವ ಭಯದಿಂದ ಎಂಬುದಕ್ಕೆ ಈ ಅಧ್ಯಾಯ ನನಗೆ ಸಾಕ್ಷಿ. ತನ್ನ ಹುಚ್ಚನ್ನು ಹಾರ್ನ್‌ಬಿ ಸಮರ್ಥಿಸಿಕೊಳ್ಳುವುದಿಲ್ಲ, ಅದಕ್ಕಾಗಿ ಕ್ಷಮೆಯನ್ನೂ ಕೇಳುವುದಿಲ್ಲ. ಹೀಗಿದ್ದೆ ಎನ್ನುತ್ತಾನೆ, ಅಷ್ಟೆ. ಆತ್ಮಕಥನದಲ್ಲಿ ಇದು ಸುಲಭದ ಮಾತಲ್ಲ.

ಆದರೆ ಮೂರನೇ ಸಲ ಓದುವಾಗ ಒಂದು ಪ್ರಶ್ನೆ ಎದ್ದಿತು. ಈ ಅಧ್ಯಾಯ ಯಾರದು? ಹೆಸರು ಬ್ರಾಡಿಯದು, ನೋವು ಹಾರ್ನ್‌ಬಿಯದು. ಮನೆ ಬಿಟ್ಟು, ಭಾಷೆ ಗೊತ್ತಿಲ್ಲದ ಊರಿಗೆ ಇಪ್ಪತ್ತನಾಲ್ಕರ ಹುಡುಗನೊಬ್ಬ ಹೋದದ್ದು ಇಲ್ಲಿ ಕಥೆಯಲ್ಲ. ಉಳಿದವನ ಖಾಲಿತನವೇ ಕಥೆ. ಅಭಿಮಾನಿ ಬರೆದ ಪುಸ್ತಕದಲ್ಲಿ ಅದು ಸಹಜ ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನದೇ ಒಂದು ಕಡತ ತೆರೆಯಬೇಕಾಗಿ ಬಂದಾಗ ಅಷ್ಟಕ್ಕೆ ಬಿಡಲಾಗಲಿಲ್ಲ.

2012ರಲ್ಲಿ ನನಗೆ ಹದಿನೈದು ವರ್ಷ. ಆ ಋತುವಿನ ಲೀಗಿನಲ್ಲಿ 30 ಗೋಲು ಹೊಡೆದಿದ್ದ ನಮ್ಮ ನಾಯಕ ರಾಬಿನ್ ವಾನ್ ಪರ್ಸಿ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ. ಕಷ್ಟದ ನಿರ್ಧಾರ ಎದುರಾದಾಗ ತನ್ನೊಳಗಿನ ಪುಟ್ಟ ಹುಡುಗನ ಮಾತು ಕೇಳಿದೆ, ಅವನು ಯುನೈಟೆಡ್ ಯುನೈಟೆಡ್ ಎಂದು ಕೂಗುತ್ತಿದ್ದ ಎಂಬರ್ಥದ ಮಾತನ್ನೂ ಆಡಿದ. ನಾನು ಗೋಡೆಯ ಮೇಲಿದ್ದ ಅವನ ಚಿತ್ರವನ್ನು ಹರಿದು ಒಲೆಗೆ ಹಾಕಿದೆ. ಎಂತಹ ನಾಟಕ, ಎಂತಹ ಸುಳ್ಳು ಎಂದು ಗೆಳೆಯರೆಲ್ಲ ಬೈದೆವು. ಮುಂದಿನ ಏಪ್ರಿಲ್‌ನಲ್ಲಿ ಯುನೈಟೆಡ್ ಚಾಂಪಿಯನ್ ಆಗಿ ನಮ್ಮ ಅಂಗಳಕ್ಕೆ ಬಂದಾಗ ನಮ್ಮವರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕಾಯಿತು. ಆ ಪಂದ್ಯದಲ್ಲಿ ವಾನ್ ಪರ್ಸಿ ಪೆನಾಲ್ಟಿ ಗೋಲನ್ನೂ ಹೊಡೆದ. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ.

ಇನ್ನು 2025ರ ಆಗಸ್ಟ್. ಕ್ರಿಸ್ಟಲ್ ಪ್ಯಾಲೇಸಿನ ಎಬೆರೆಚಿ ಎಝೆ ನಮ್ಮ ಬದ್ಧ ವೈರಿ ಟಾಟನ್‌ಹ್ಯಾಮ್‌ಗೆ ಹೋಗುವುದು ಬಹುತೇಕ ಖಚಿತ ಎಂದು ಸುದ್ದಿ. ಕೊನೆ ಗಳಿಗೆಯಲ್ಲಿ ಎಲ್ಲ ತಿರುವುಮುರುವಾಗಿ ಅವನು ಆರ್ಸೆನಲ್‌ಗೆ ಬಂದ. ಎಝೆ ಬಾಲ್ಯದಲ್ಲಿ ನಮ್ಮ ಅಕಾಡೆಮಿಯಲ್ಲೇ ಇದ್ದವನು. ಹದಿಮೂರನೇ ವಯಸ್ಸಿನಲ್ಲಿ ಕ್ಲಬ್ ಅವನನ್ನು ಕೈಬಿಟ್ಟಿತ್ತು. ‘ತನ್ನೊಳಗಿನ ಹುಡುಗನ ಮಾತು ಕೇಳಿ ಮನೆಗೆ ಬಂದ’ ಎಂದು ಮೆಸ್ಸಿನಲ್ಲಿ ಕುಣಿದಾಡಿದವರಲ್ಲಿ ನಾನೂ ಒಬ್ಬ.

ಅದೇ ಕಥೆ, ಅದೇ ಪುಟ್ಟ ಹುಡುಗ. ಒಂದು ಸಲ ಅದು ದ್ರೋಹ, ಇನ್ನೊಂದು ಸಲ ಮರಳಿ ಮನೆಗೆ. ಪಠ್ಯ ಬದಲಾಗಿಲ್ಲ, ಓದುಗ ಕುಳಿತ ಜಾಗ ಮಾತ್ರ ಬದಲಾಗಿದೆ. ಯಾವುದೇ ಪ್ರಬಂಧದಲ್ಲಿ ಇಂಥ ಓದು ಕಂಡರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದೆ.

ಕನ್ನಡ ಪತ್ರಿಕೆಗಳು ‘ಟ್ರಾನ್ಸ್‌ಫರ್’ಗೆ ಬಳಸುವ ಪದ ‘ವರ್ಗಾವಣೆ’. ಸರ್ಕಾರಿ ನೌಕರರ ಮನೆಯಲ್ಲಿ ಬೆಳೆದವರಿಗೆ ಆ ಪದದ ಭಾರ ಗೊತ್ತು. ಅಪ್ಪ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಾನು ಅದೇ ಶಾಲೆಯಲ್ಲಿ ಐದನೇ ಕ್ಲಾಸು. ಒಂದು ಬೇಸಿಗೆಯಲ್ಲಿ ‘ಮೇಷ್ಟ್ರಿಗೆ ವರ್ಗ ಆಗ್ತದಂತೆ’ ಎಂದು ಊರಲ್ಲಿ ಹಬ್ಬಿತು. ತಡೆಯಬೇಕೆಂದು ಕೆಲವರು ಅರ್ಜಿ ಬರೆದರು. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು: ‘ಅವರೇ ಕೇಳ್ಕೊಂಡು ಹೋಗ್ತಿರೋದಂತೆ.’ ಮರುದಿನದಿಂದ ಅಂಗಡಿಯ ಕಟ್ಟೆಯಲ್ಲಿ ಅಪ್ಪನನ್ನು ಕಂಡು ಏಳುತ್ತಿದ್ದವರು ಏಳಲಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಬೇರೆ ಬೆಂಚಿಗೆ ಹೋದ.

ಆ ಸುದ್ದಿ ನಿಜವೇ ಆಗಿತ್ತು. ಅಜ್ಜಿಗೆ ಲಕ್ವ ಹೊಡೆದಿತ್ತು. ನೋಡಿಕೊಳ್ಳಲು ಊರಲ್ಲಿ ಯಾರೂ ಇರಲಿಲ್ಲ. ಅಪ್ಪ ಅದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ. “ಹೇಳಬಾರದಿತ್ತೇನಪ್ಪಾ?” ಎಂದು ಈಚೆಗೆ ಕೇಳಿದೆ. “ಕೇಳಿದ್ದರೆ ಹೇಳ್ತಿದ್ದೆ. ಯಾರೂ ಕೇಳಲಿಲ್ಲವಲ್ಲ ಮಗಾ” ಎಂದರು.

ಹೋಗುವವರ ಕಡೆಯ ಕಥೆಯನ್ನು ಮನೆಯೊಳಗಿಂದಲೇ ನೋಡಿದ್ದ ನಾನು ಐದೇ ವರ್ಷಕ್ಕೆ ವಾನ್ ಪರ್ಸಿಯ ಚಿತ್ರ ಸುಟ್ಟೆ. ಅವನ ಕಾರಣಗಳು ಅಪ್ಪನವಷ್ಟು ದೊಡ್ಡವಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಗೆಲ್ಲಬೇಕೆಂಬ ಆಸೆಯೂ ಇರಬಹುದು, ಹಣವೂ ಇರಬಹುದು. ಕಾರಣ ಕೇಳುವ ಮೊದಲೇ ತೀರ್ಪು ಕೊಟ್ಟಿದ್ದೆ ಎಂಬುದಷ್ಟೇ ನನ್ನ ಮಾತು.

ಫುಟ್‌ಬಾಲ್ ಚರಿತ್ರೆಯಲ್ಲಿ ಹೊರಟುಹೋಗುವ ಹಕ್ಕು ಸುಮ್ಮನೆ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಒಪ್ಪಂದ ಮುಗಿದರೂ ಕ್ಲಬ್ಬು ಆಟಗಾರನನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. ಜಾರ್ಜ್ ಈಸ್ಟ್‌ಹ್ಯಾಮ್ ನ್ಯೂಕಾಸಲ್‌ಗೆ ಆಡಲು ನಿರಾಕರಿಸಿ, ಆಟ ಬಿಟ್ಟು ಬೇರೆ ಕೆಲಸ ಮಾಡಿ, ಕಡೆಗೆ 1960ರಲ್ಲಿ ಆರ್ಸೆನಲ್‌ಗೆ ಬಂದ. ಅವನ ಮೊಕದ್ದಮೆಯಲ್ಲಿ 1963ರಲ್ಲಿ ನ್ಯಾಯಾಲಯ ಆ ಪದ್ಧತಿ ಅನ್ಯಾಯದ್ದೆಂದಿತು. ಒಪ್ಪಂದ ಮುಗಿದ ಆಟಗಾರನಿಗೆ ಕ್ಲಬ್ಬು ಹಣ ಕೇಳುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ ಹೇಳಿದ್ದು 1995ರಲ್ಲಿ, ಬೆಲ್ಜಿಯಂನ ಬಾಸ್ಮನ್ ಪ್ರಕರಣದಲ್ಲಿ. ನಾವು ‘ನಿಷ್ಠೆ’ ಎಂದು ಹಾಡಿ ಹೊಗಳುವ ಹಳೆಯ ಕಾಲದಲ್ಲಿ ಅನೇಕರಿಗೆ ಹೋಗುವ ದಾರಿಯೇ ಇರಲಿಲ್ಲ.

ಇಷ್ಟಾದ ಮೇಲೆ ಬ್ರಾಡಿಯ ಉಳಿದ ಕಥೆ. ಯುವೆಂಟಸ್‌ನಲ್ಲಿ ಅವನು ಎರಡು ವರ್ಷ ಇದ್ದ, ಎರಡೂ ವರ್ಷ ತಂಡ ಲೀಗ್ ಗೆದ್ದಿತು. 1982ರಲ್ಲಿ, ಋತುವಿನ ಕೊನೆಯ ದಿನ, ಕಟಂಜಾರೋ ಊರಿನಲ್ಲಿ ಪ್ರಶಸ್ತಿಗಾಗಿ ಪಂದ್ಯ. ಅಷ್ಟು ಹೊತ್ತಿಗಾಗಲೇ ಬ್ರಾಡಿಗೆ ಗೊತ್ತಿತ್ತು: ತನ್ನ ಜಾಗಕ್ಕೆ ಮಿಶೆಲ್ ಪ್ಲಾಟಿನಿ ಬರುತ್ತಿದ್ದಾನೆ, ತನ್ನನ್ನು ಕಳಿಸುತ್ತಿದ್ದಾರೆ. ಪೆನಾಲ್ಟಿ ಸಿಕ್ಕಿತು. ತನ್ನನ್ನು ಬೇಡವೆಂದ ಕ್ಲಬ್ಬಿಗಾಗಿ ಬ್ರಾಡಿ ಚೆಂಡಿನ ಹಿಂದೆ ನಿಂತು, ಒದ್ದು, ಗೋಲು ಮಾಡಿದ. 1-0. ಯುವೆಂಟಸ್ ಚಾಂಪಿಯನ್. ಅವನು ಸ್ಯಾಂಪ್ಡೋರಿಯಾಕ್ಕೆ ಹೋದ.

ಈ ಪೆನಾಲ್ಟಿಗೆ ಆಟಗಾರನ ಕಡೆಯಿಂದ ಒಂದು ಅಧ್ಯಾಯ ಸಲ್ಲಬೇಕು. ‘ಫೀವರ್ ಪಿಚ್’ ಕಾಯುವವನ ಕಥೆಯನ್ನು ಯಾರೂ ಹೇಳದಷ್ಟು ಪ್ರಾಮಾಣಿಕವಾಗಿ ಹೇಳಿತು. ಹಾಗೆ ಹೇಳಿದ್ದರಿಂದಲೇ ಹೋಗುವವನ ಕಥೆಯ ಜಾಗ ಖಾಲಿ ಇರುವುದು ನಮಗೆ ಕಾಣುತ್ತದೆ. ನಮ್ಮಲ್ಲೂ ಆ ಜಾಗವಿದೆ. ಬೆಂಗಳೂರಿನ ಅಹಮದ್ ಖಾನ್ 1948ರ ಒಲಿಂಪಿಕ್ಸ್ ಆಡಿದವರು. ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ಗೆ ಹೋಗಿ, ಅಲ್ಲಿನ ಹೆಸರಾಂತ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಬಂಗಾಳ ಅವರನ್ನು ಪಂಚಪಾಂಡವರೆಂದು ಕರೆಯಿತು. ಅವರು ಬೆಂಗಳೂರು ಬಿಟ್ಟಾಗ ಇಲ್ಲಿನ ಮೈದಾನಗಳಲ್ಲಿ ಏನು ಮಾತಾಡಿಕೊಂಡರು, ಅವರ ಮನಸ್ಸಿನಲ್ಲಿ ಏನಿತ್ತು? ಅದನ್ನು ಕನ್ನಡದಲ್ಲಿ ಓದುವ ಆಸೆ ನನ್ನದು.

ಬ್ರಾಡಿ ಮುಂದೆ ಆರ್ಸೆನಲ್‌ಗೆ ಮರಳಿದ. 1996ರಿಂದ ಹದಿನೇಳು-ಹದಿನೆಂಟು ವರ್ಷ ಯುವ ವಿಭಾಗದ ಮುಖ್ಯಸ್ಥನಾಗಿದ್ದ. ಎಝೆ ಎಂಬ ಹುಡುಗ ಬಂದದ್ದೂ, ಬೇಡವೆನಿಸಿಕೊಂಡು ಹೊರಬಿದ್ದದ್ದೂ ಆ ವರ್ಷಗಳಲ್ಲೇ.

ಜನವರಿಯ ಸಂತೆ ಮತ್ತೆ ಬರುತ್ತದೆ. ಮೆಸ್ಸಿನಲ್ಲಿ ‘ನಮ್ಮ ಇಂಥವನು ಹೋಗ್ತಾನಂತೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೂ ಎದೆ ಧಸಕ್ಕೆನ್ನುತ್ತದೆ, ಅದು ತಪ್ಪಿದ್ದಲ್ಲ. ಈ ಸಲ ಬೈಯುವ ಮೊದಲು ‘ಯಾಕಂತೆ?’ ಎಂದು ಕೇಳಬೇಕು ಅಂದುಕೊಂಡಿದ್ದೇನೆ.