ಆಟಿಯಲ್ಲಿ ಪಾಲೊಮಾರ್ ಆಕಾಶ

ಈ ವಾರ ಪರ್ಸೀಡ್ ಉಲ್ಕಾಪಾತದ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಬಿಡಿ. ಉಡುಪಿಯಲ್ಲಿ ಆಟಿ ತಿಂಗಳ ಮಳೆ ಹಿಡಿದು ಕೂತಿದೆ. ಮಣಿಪಾಲದ ಬೆಳಕು ತಪ್ಪಿಸಿಕೊಂಡು ಕಾರ್ಕಳದ ಕಡೆ ಹೋದರೂ ಕಾಣುವುದು ಮೋಡವೇ. ದೊಡ್ಡ ಕನ್ನಡಿಯ ದೂರದರ್ಶಕ ಕೊಂಡವನೇ ವೀಕ್ಷಕ ಎನ್ನುವ ಪಂಗಡದವರು ಈಗ ಆ ಕನ್ನಡಿಗೆ ಬೂಷ್ಟು ಹಿಡಿಯದಂತೆ ಕಾವಲು ಕೂತಿದ್ದಾರೆ. ಹಳೆ ಗಾಜಿನ ಹುಚ್ಚಿನವರಿಗೆ ಇದೇ ಸುಗ್ಗಿ. ಕಂಪ್ಯೂಟರಿನಲ್ಲಿ ಅಲಾದಿನ್ ಎಂಬ ಆಕಾಶ ನಕ್ಷೆಯ ತಂತ್ರಾಂಶ ತೆರೆದರೆ, 1950ರ ದಶಕದಲ್ಲಿ ಪಾಲೊಮಾರ್ ವೀಕ್ಷಣಾಲಯದವರು ಗಾಜಿನ ಫಲಕಗಳಲ್ಲಿ ಸೆರೆಹಿಡಿದ ಆಕಾಶ ಮನೆಯೊಳಗೇ ಸಿಗುತ್ತದೆ.

ಫಲಕ ಹುಡುಕಿ ಹೊಸದನ್ನು ಕಾಣುವುದು ನಮ್ಮವರಿಗೆ ಹೊಸತಲ್ಲ. ಖಗೋಳವಿಜ್ಞಾನಿ ವೈನು ಬಾಪು 1949ರಲ್ಲಿ ಧೂಮಕೇತು ಕಂಡದ್ದು ಹಾರ್ವರ್ಡಿನ ಫಲಕದಲ್ಲಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ರಾಜಮೋಹನ್, ಕಾವಲೂರಿನ ಶ್ಮಿಟ್ ದೂರದರ್ಶಕದಿಂದ 1988ರಲ್ಲಿ ‘ರಾಮಾನುಜನ್’ ಕ್ಷುದ್ರಗ್ರಹ ಹಿಡಿದರು. ಆದರೆ ಧೂಮಕೇತು, ಕ್ಷುದ್ರಗ್ರಹಗಳು ಮರುದಿನವೂ ಸಿಗುತ್ತವೆ. ಒಮ್ಮೆ ಮಿನುಗಿ ಹೋದದ್ದಕ್ಕೆ ಎರಡನೆಯ ಸಾಕ್ಷಿ ಎಲ್ಲಿಂದ ತರುವುದು?

1952ರ ಜುಲೈ 19ರ ಪಾಲೊಮಾರ್ ಕೆಂಪು ಫಲಕದಲ್ಲಿ 15-16ನೇ ಕಾಂತಿಮಾನದ ಮೂರು ಚುಕ್ಕಿಗಳು ಒತ್ತೊತ್ತಾಗಿವೆ. ಒಂದು ಗಂಟೆಯೊಳಗೆ ತೆಗೆದ ನೀಲಿ ಫಲಕದಲ್ಲಿ ಒಂದೂ ಇಲ್ಲ. 2023ರಲ್ಲಿ 10.4 ಮೀಟರಿನ ಕನ್ನಡಿ ತಿರುಗಿಸಿ ನೋಡಿದರೂ ಇಲ್ಲ. ಮೊದಲ ಸ್ಪುಟ್ನಿಕ್ ಏರಿದ್ದು 1957ರ ಅಕ್ಟೋಬರಿನಲ್ಲಿ; ಹಾಗಾಗಿ ಉಪಗ್ರಹದ ಹೊಳಪು ಎನ್ನುವಂತಿಲ್ಲ. ಟಿವಿಯವರಿಗೆ ಇಷ್ಟು ಸಾಕು, ಅನ್ಯಗ್ರಹದವರು ಬಂದಿಳಿದೇ ಬಿಟ್ಟರು.

ಎಡಿನ್‌ಬರೋದ ಖಗೋಳಜ್ಞರಾದ ಹ್ಯಾಂಬ್ಲಿ ಮತ್ತು ಬ್ಲೇರ್ 2024ರಲ್ಲಿ ತಣ್ಣೀರು ಎರಚಿದರು. 1950ರ ಏಪ್ರಿಲ್ 12ರ ಇನ್ನೊಂದು ಪಾಲೊಮಾರ್ ಫಲಕದಲ್ಲಿ ಇಂಥವೇ ಒಂಬತ್ತು ಚುಕ್ಕಿಗಳಿವೆ; ಅವು ಅಕ್ಕಪಕ್ಕದ ನಕ್ಷತ್ರಗಳಿಗಿಂತ ಚೂಪಾಗಿವೆ, ಆದ್ದರಿಂದ ಅವು ಲೇಪದ ದೋಷ ಎಂದು ಅವರ ವಾದ. ಈ ಚುಕ್ಕಿಗಳನ್ನು ಹುಡುಕಿ ತೆಗೆದ ಬಿಯಾಟ್ರಿಜ್ ವಿಲ್ಲಾರೊಯೆಲ್ ಪಕ್ಷದವರು ಅದೇ ಚೂಪನ್ನು ತಮ್ಮ ಸಾಕ್ಷಿ ಮಾಡಿಕೊಂಡಿದ್ದಾರೆ. ಕಾಪುವಿನ ಕಡಲತೀರದಲ್ಲಿ ಶಟರ್ ತೆರೆದಿಟ್ಟು ದೋಣಿಗಳ ಚಿತ್ರ ತೆಗೆದವರಿಗೆ ಇದು ಅರ್ಥವಾದೀತು: ಉರಿಯುತ್ತಲೇ ಇರುವ ದೀಪ ಅಲೆಗೆ ತೊನೆದು ಹಿಂಜಿದಂತೆ ಮೂಡುತ್ತದೆ, ಅದೇ ದೋಣಿಯಲ್ಲಿ ಯಾರೋ ಫ್ಲ್ಯಾಶ್ ಹೊಡೆದರೆ ಮೂಡುವುದು ಚೂಪಾದ ಚುಕ್ಕಿ. ಸುಮಾರು ಐವತ್ತು ನಿಮಿಷ ಬೆಳಕು ಕುಡಿದ ಕೆಂಪು ಫಲಕದಲ್ಲೂ ನಕ್ಷತ್ರ ಗಾಳಿಯ ಕಂಪನಕ್ಕೆ ಹರಡಿಕೊಳ್ಳುತ್ತದೆ, ಕ್ಷಣದ ಮಿನುಗು ಅಷ್ಟು ಹರಡುವುದಿಲ್ಲ. ಗಾಜಿನ ಮೇಲೆ ಕೂತ ಧೂಳಿನ ಕಣವೂ ಹರಡುವುದಿಲ್ಲ!

ಆದ್ದರಿಂದ ಒಂದೊಂದೇ ಚುಕ್ಕಿಯ ಮುಖ ನೋಡಿ ಜಾತಕ ಬರೆಯುವುದನ್ನು ಎರಡೂ ಕಡೆಯವರು ನಿಲ್ಲಿಸಲಿ. ನನಗೆ ಹಿಡಿಸಿದ್ದು ವಿಲ್ಲಾರೊಯೆಲ್ ತಂಡ 2025ರಲ್ಲಿ ಮುಂದಿಟ್ಟ ಇನ್ನೊಂದು ದಾರಿ. ಬಿಸಿಲಿಗೆ ಹೊಳೆಯುವ ವಸ್ತುವಾದರೆ ಭೂಮಿಯ ನೆರಳಿನೊಳಗೆ ಹೊಳೆಯಕೂಡದು; ಧೂಳಿಗೆ ನೆರಳಿನ ಹಂಗಿಲ್ಲ. ನೆರಳಿನಲ್ಲಿ ಚುಕ್ಕಿ ಕಡಿಮೆ ಎಂದು ಅವರ ಲೆಕ್ಕ. ಅದನ್ನು ಬೇರೆಯವರು, ಬೇರೆ ವೀಕ್ಷಣಾಲಯದ ಫಲಕಗಳ ಮೇಲೆ, ಮೊದಲಿನಿಂದ ಮಾಡಿ ನೋಡಬೇಕು. ಅಲ್ಲಿಯವರೆಗೆ ನನ್ನ ಮತ ಧೂಳಿಗೇ.

ನಿಮಗೂ ಚುಕ್ಕಿ ಸಿಕ್ಕಿದ್ದರೆ ಕಳುಹಿಸಿ, ಜೊತೆಗೆ ಅದೇ ರಾತ್ರಿಯ ನೀಲಿ ಫಲಕದ ತುಣುಕೂ ಇರಲಿ. ನೀಲಿ ಇಲ್ಲದೆ ಬಂದದ್ದನ್ನು ನಾನು ತೆರೆಯುವುದಿಲ್ಲ.